ಇರುಳುಗುರುಡು, ಜಾರ್ಜ್ ವಾಲ್ಡ್ ಮತ್ತು ನಮ್ಮ ಪಾಠಕ್ರಮ

ಮಧ್ಯಾಹ್ನದ ಬಿಸಿಲಿನಿಂದ ಶ್ರೀಮಠದ ಗದ್ದುಗೆಯ ಒಳಗಣ ಅಂಕಣಕ್ಕೆ ಬಂದವನಿಗೆ ಮೊದಲು ಕತ್ತಲೆಯಲ್ಲದೆ ಬೇರೇನೂ ಕಾಣದು. ತುಸು ಹೊತ್ತು ನಿಂತರೆ ಕಂಬಗಳು, ಆಮೇಲೆ ಬಾಗಿಲುವಾಡ, ಕೊನೆಗೆ ಗದ್ದುಗೆಯ ಮೇಲಣ ಹೂವು ಸಹ ಗೋಚರಿಸುತ್ತವೆ. ದೀಪದ ಬೆಳಕು ಹೆಚ್ಚಲಿಲ್ಲ. ಹೆಚ್ಚಿದುದು ಕಣ್ಣಿನ ಶಕ್ತಿ. ದಿನವೂ ಒದಗುವ ಈ ಅನುಭವವನ್ನು ಕುರಿತು ‘ಹೀಗೇಕೆ?’ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಇಂತಹ ಪ್ರಶ್ನೆಗಾಗಿಯೇ ಆಯುಷ್ಯವನ್ನು ಸವೆಸಿದ ಒಬ್ಬ ವಿಜ್ಞಾನಿಯ ವೃತ್ತಾಂತವನ್ನು ನಿವೇದಿಸಿ, ಅದರಿಂದ ನಮ್ಮ ಶಾಲೆಗಳು ಗ್ರಹಿಸಬೇಕಾದುದನ್ನು ಅರಿಕೆ ಮಾಡುವುದು ಈ ಬರಹದ ಉದ್ದೇಶ.

ಜಾರ್ಜ್ ವಾಲ್ಡ್ 1906ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ವಲಸೆ ಬಂದ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸೆಲಿಗ್ ಹೆಕ್ಟ್ ಅವರ ಶಿಷ್ಯರಾಗಿ 1932ರಲ್ಲಿ ಡಾಕ್ಟರೇಟ್ ಪಡೆದು, ಜರ್ಮನಿಗೆ ತೆರಳಿದರು. ‘ಎ’ ಅನ್ನಾಂಗದ ಕೊರತೆಯಿಂದ ಇರುಳುಗುರುಡು ಬರುವುದೆಂದು ವೈದ್ಯರು ಅದಕ್ಕೆ ಮೊದಲೇ ಅರಿತಿದ್ದರು. ಆದರೆ ಆ ಅನ್ನಾಂಗಕ್ಕೂ ನೋಟಕ್ಕೂ ಇರುವ ಸಂಬಂಧವೇನೆಂಬುದು ತಿಳಿದಿರಲಿಲ್ಲ. ಬರ್ಲಿನ್ನಿನ ಆಟೋ ವಾರ್ಬರ್ಗ್ ಅವರ ಪ್ರಯೋಗಶಾಲೆಯಲ್ಲಿ ವಾಲ್ಡರು ಅದನ್ನು ಅಕ್ಷಿಪಟಲದಲ್ಲಿಯೇ ಕಂಡರು. ಹಿಟ್ಲರ್ ಅಧಿಕಾರಕ್ಕೇರಿದ 1933ರಲ್ಲಿಯೇ ಅವರು ಜರ್ಮನಿಯನ್ನು ತೊರೆಯಬೇಕಾಯಿತು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ, 1977ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು. ದೇಶ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ.

ಅವರು ಕಂಡ ಸತ್ಯವನ್ನು ಸಂಗ್ರಹವಾಗಿ ಹೇಳಬಹುದು. ಅಕ್ಷಿಪಟಲದ ಕಡ್ಡಿಯಾಕಾರದ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಅದರಲ್ಲಿ ಎರಡು ಭಾಗ: ಆಪ್ಸಿನ್ ಎಂಬ ಪ್ರೋಟೀನು ಒಂದು, ‘ಎ’ ಅನ್ನಾಂಗದಿಂದ ಉಂಟಾಗುವ ರೆಟಿನೀನ್ ಇನ್ನೊಂದು. ಬೆಳಕು ಸೋಂಕಿದೊಡನೆ ಬಾಗಿದ್ದ ರೆಟಿನೀನಿನ ಅಣು ನೆಟ್ಟಗಾಗುತ್ತದೆ. ನೋಟದಲ್ಲಿ ಬೆಳಕು ಮಾಡುವ ಕಾರ್ಯ ಇಷ್ಟೇ. ಮಿಕ್ಕುದೆಲ್ಲ ಅದರ ಪರಿಣಾಮ. ಬಳಿಕ ಎರಡು ಭಾಗಗಳೂ ಅಗಲಿ, ಕತ್ತಲೆಯಲ್ಲಿ ಮತ್ತೆ ಕೂಡುತ್ತವೆ. ಗದ್ದುಗೆಯ ಕತ್ತಲೆಗೆ ಕಣ್ಣು ಮೆಲ್ಲಮೆಲ್ಲನೆ ಹೊಂದಿಕೊಳ್ಳುವುದಕ್ಕೆ ಮುಖ್ಯ ಕಾರಣ ಈ ಪುನಃಸಂಯೋಗವೇ. ಆಹಾರದಲ್ಲಿ ‘ಎ’ ಅನ್ನಾಂಗ ಸಾಲದಾದಾಗ ಇದು ಕುಂಠಿತವಾಗುತ್ತದೆ, ಇರುಳುಗುರುಡು ತಲೆದೋರುತ್ತದೆ.

ಈ ಸಾಧನೆ ಒಬ್ಬರದೇ ಅಲ್ಲ. ರೂತ್ ಹಬ್ಬರ್ಡ್, ಪಾಲ್ ಬ್ರೌನ್ ಮೊದಲಾದ ಸಹೋದ್ಯೋಗಿಗಳು ಹೆಗಲು ಕೊಟ್ಟರು. ಹಬ್ಬರ್ಡ್ ಮುಂದೆ ವಾಲ್ಡರ ಪತ್ನಿಯೂ ಆದರು. ಗ್ರಾನಿಟ್ ಮತ್ತು ಹಾರ್ಟ್‌ಲೈನ್ ಅವರೊಡನೆ ವಾಲ್ಡರಿಗೆ ನೊಬೆಲ್ ಪಾರಿತೋಷಕ ಸಂದುದು 1967ರಲ್ಲಿ. ಬರ್ಲಿನ್ನಿನ ಶೋಧಕ್ಕೂ ಈ ಮನ್ನಣೆಗೂ ನಡುವೆ ಮೂವತ್ತಕ್ಕೂ ಮಿಕ್ಕ ವರ್ಷಗಳ ಅಂತರ!

ಇಲ್ಲಿ ನನ್ನಂತಹ ಸಂಪ್ರದಾಯದ ಪಂಡಿತರಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ‘ಇದು ನಮ್ಮಲ್ಲಿ ಹಿಂದೆಯೇ ಇತ್ತಲ್ಲವೇ?’ ಹೌದು, ಸುಶ್ರುತ ಸಂಹಿತೆ ನಕ್ತಾಂಧ್ಯಕ್ಕೆ ಆಡಿನ ಯಕೃತ್ತನ್ನು ಔಷಧವಾಗಿ ವಿಧಿಸಿದೆ. ಯಕೃತ್ತಿನಲ್ಲಿ ‘ಎ’ ಅನ್ನಾಂಗ ಹೇರಳವಾಗಿದೆಯೆಂದು ಇಂದು ಬಲ್ಲೆವು. ಆ ಪೂರ್ವಿಕರ ಅವಲೋಕನ ನಮಸ್ಕಾರಾರ್ಹವಾದುದು. ಆದರೆ ಅವರು ಕಂಡು ಹೇಳಿದುದನ್ನು ನಾವು ತಲೆತಲಾಂತರದಿಂದ ಕಂಠಪಾಠ ಮಾಡಿದೆವಲ್ಲದೆ ‘ಯಕೃತ್ತಿನಲ್ಲಿ ಅಂತಹುದೇನಿದೆ? ಅದು ಕಣ್ಣಿನಲ್ಲಿ ಮಾಡುವುದೇನು?’ ಎಂದು ಕೇಳಿದೆವೆ? ಉತ್ತರವನ್ನು ಕಾಪಾಡುವುದು ಒಂದು ವಿದ್ಯೆ, ಪ್ರಶ್ನೆಯನ್ನು ಬೆಳೆಸುವುದು ಮತ್ತೊಂದು. ಮೊದಲನೆಯದರಲ್ಲಿ ನಾವು ನಿಪುಣರು, ಎರಡನೆಯದರಲ್ಲಿ ದರಿದ್ರರಾದೆವು. ಪೂರ್ವಿಕರ ಹೆಸರಿನಲ್ಲಿ ಬೀಗುವುದರಿಂದ ಈ ದಾರಿದ್ರ್ಯ ನೀಗದು.

ದುರ್ದೈವವೆಂದರೆ ಇಂದಿನ ವಿಜ್ಞಾನದ ತರಗತಿಯೂ ಹಳೆಯ ಪಾಠಶಾಲೆಯ ದೋಷವನ್ನೇ ಅನುಸರಿಸುತ್ತಿದೆ. ‘ಇರುಳುಗುರುಡಿಗೆ ಕಾರಣವೇನು?’ ಎಂಬುದು ಒಂದು ಅಂಕದ ಪ್ರಶ್ನೆ. ‘ಎ ಅನ್ನಾಂಗದ ಕೊರತೆ’ ಎಂಬುದು ಅದರ ಉತ್ತರ. ಬಾಲಕನು ಅದನ್ನು ಬರೆದು ಅಂಕ ಪಡೆಯುತ್ತಾನೆ. ಮನೆಯಲ್ಲಿ ತಟ್ಟೆಗೆ ಬಿದ್ದ ನುಗ್ಗೆಸೊಪ್ಪನ್ನು ಪಕ್ಕಕ್ಕೆ ಸರಿಸುತ್ತಾನೆ. ಓದಿಗೂ ಬಾಳಿಗೂ ಸಂಬಂಧವೇ ಏರ್ಪಡಲಿಲ್ಲ. ನಾವು ಅಮರಕೋಶವನ್ನು ಉರುಹೊಡೆದಂತೆ ಅವನು ವಿಜ್ಞಾನವನ್ನು ಉರುಹೊಡೆದ, ವ್ಯತ್ಯಾಸವೇನು ಬಂತು?

ಪಾಠಗಳನ್ನು ಮುಗಿಸುವುದಕ್ಕೇ ವೇಳೆ ಸಾಲದೆಂದು ಉಪಾಧ್ಯಾಯ ಮಿತ್ರರು ಹೇಳಬಹುದು. ಅವರ ಕಷ್ಟವನ್ನು ನಾನು ಅರಿಯದವನಲ್ಲ. ಆದರೂ ಒಂದು ವಿನಂತಿ. ವರ್ಷದಲ್ಲಿ ಒಂದು ದಿನ ಮಕ್ಕಳನ್ನು ಬಿಸಿಲಿನಿಂದ ಕತ್ತಲೆಯ ಕೋಣೆಗೆ ಕರೆದೊಯ್ದು ಸುಮ್ಮನೆ ಕೂರಿಸಿರಿ. ಯಾವುದು ಮೊದಲು ಕಂಡಿತು, ಎಷ್ಟು ಹೊತ್ತಿಗೆ ಕಂಡಿತು ಎಂಬುದನ್ನು ಅವರೇ ಹೇಳಲಿ. ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಲು ಸುಮಾರು ಅರ್ಧ ಗಂಟೆ ಬೇಕು. ಅದು ಒಂದು ಪೀರಿಯಡ್ಡಿನೊಳಗಿನ ಮಾತು. ಬಳಿಕ ವಾಲ್ಡರ ಕಥೆಯನ್ನು ಹೇಳಿರಿ.

ಅನುಭವವನ್ನೇ ಮಂಟಪವಾಗಿಸಿ, ಪ್ರಶ್ನೆಗೆ ಅಲ್ಲಿ ಪೀಠವಿತ್ತ ಶರಣರ ಹೆಸರನ್ನು ಹೇಳುವ ವಿದ್ಯಾಸಂಸ್ಥೆ ನಮ್ಮದು. ‘ಏಕೆ?’ ಎಂದು ಎದ್ದುನಿಂತ ಮಗುವನ್ನು ‘ಕುಳಿತುಕೋ’ ಎನ್ನದಿರುವುದು ಆ ಹೆಸರಿಗೆ ನಾವು ಸಲ್ಲಿಸಬಹುದಾದ ಕನಿಷ್ಠ ಗೌರವ.