ಒಲೆಯ ಸುತ್ತಲಿನ ತೆರಪು



ನಮ್ಮ ಮಲೆನಾಡಿನಲ್ಲಿ ಹೊಸ ಮನೆ ಕಟ್ಟುವ ಕೆಲವರಲ್ಲಿ ಒಂದು ಹೊಸ ಆಸೆ ಕಾಣಿಸಿಕೊಂಡಿದೆ. ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಸೌದೆ ಒಲೆಯೊಂದಿರಬೇಕು, ಮಳೆಗಾಲದ ರಾತ್ರಿ ಅದರ ಮುಂದೆ ಕುಳಿತು ಕಾಫಿ ಕುಡಿಯಬೇಕು. ಆಷಾಢದ ಜಡಿಮಳೆಯನ್ನು ಬಲ್ಲ ನಾನು ಈ ಆಸೆಯನ್ನು ಆಕ್ಷೇಪಿಸಲಾರೆ. ನನ್ನ ಆಕ್ಷೇಪವೆಲ್ಲ ಆ ಒಲೆಯನ್ನು ಕೂರಿಸುವ ರೀತಿಗೆ. ಬಂಧುವೊಬ್ಬರು ತೋರಿಸಿದ ನಕ್ಷೆಯಲ್ಲಿ ಒಲೆಯ ಬೆನ್ನಿಗೂ ಗೋಡೆಯ ಮರದ ಹಲಗೆಗೂ ನಡುವೆ ಇದ್ದದ್ದು ಕೇವಲ 9 ಅಂಗುಲ. ಆ ಹಲಗೆಯ ಆಚೆಗೆ ಮನೆಯ ಅಜ್ಜಿ ಮಲಗುವ ಕೋಣೆ. ವಿಚಾರಿಸಿದರೆ ವಿನ್ಯಾಸಕಾರರ ಉತ್ತರ: “ಇನ್ನೂ ಮುಂದಕ್ಕೆ ತಂದರೆ ಜಾಗ ವ್ಯರ್ಥವಾಗುತ್ತದೆ, ಮೇಷ್ಟ್ರೇ.”

ಈ ‘ವ್ಯರ್ಥ’ ಎಂಬ ಮಾತನ್ನೇ ನಾನು ಖಂಡಿಸಬೇಕಾಗಿದೆ. ಒಲೆಯ ಸುತ್ತಲಿನ ತೆರಪು ಒಲೆಯದೇ ಒಂದು ಅಂಗ. ಬಾಗಿಲಿಲ್ಲದ ಒಲೆಯನ್ನು ಯಾರೂ ಕೊಳ್ಳುವುದಿಲ್ಲ. ತೆರಪಿಲ್ಲದ ಒಲೆಯನ್ನು ಮಾತ್ರ ಹಣ ಕೊಟ್ಟು ಕೂರಿಸಿಕೊಳ್ಳುತ್ತೇವೆ.

ಸೌದೆ ಒಲೆಯ ಬಳಕೆ ಹೆಚ್ಚಾಗಿರುವ ಅಮೆರಿಕದಲ್ಲಿ ಈ ತೆರಪಿಗೆ ಲಿಖಿತ ನಿಯಮವಿದೆ. ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 211ನೆಯ ಮಾನದಂಡದ ಪ್ರಕಾರ, ಪರೀಕ್ಷೆಗೆ ಒಳಪಟ್ಟು ಪ್ರಮಾಣೀಕೃತವಾಗದ ಒಲೆಗೂ ಉರಿಯಬಲ್ಲ ಯಾವುದೇ ಗೋಡೆಗೂ ನಡುವೆ 36 ಅಂಗುಲ ಬಿಡಬೇಕು. ಒಂಟಿ ತಗಡಿನ ಹೊಗೆಕೊಳವೆಯಿಂದ 18 ಅಂಗುಲ. ಪ್ರಮಾಣೀಕೃತ ಒಲೆಯಾದರೆ ತಯಾರಕರು ಅದರ ಫಲಕದಲ್ಲಿಯೂ ಕೈಪಿಡಿಯಲ್ಲಿಯೂ ನಮೂದಿಸಿದ ಅಳತೆಯೇ ನಿಯಮ; ಅದು ಕಡಿಮೆಯಿರಬಹುದು. ಆದರೆ ಆ ಫಲಕವನ್ನು ಓದದೆಯೇ ನಕ್ಷೆ ಬರೆಯುವವರಿಗೆ ಏನೆನ್ನೋಣ?

“ಒಲೆಯ ಬೆಂಕಿ ಒಲೆಯೊಳಗೇ ಇರುತ್ತದೆ, ಹಲಗೆಗೆ ಕಿಡಿ ಹಾರುವುದೆಲ್ಲಿಂದ?” ಎಂದು ಕೇಳುವವರುಂಟು. ಇವರು ಶಾಖಪ್ರಸರಣದ ಪಾಠವನ್ನು ಮರೆತವರು. ಕಾದ ಕಬ್ಬಿಣದಿಂದ ಶಾಖವು ವಿಕಿರಣದ ಮೂಲಕ ಹೊರಡುತ್ತದೆ. ಅದಕ್ಕೆ ಕಿಡಿಯ ನೆರವು ಬೇಕಿಲ್ಲ. ಹೊಸ ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಆದರೆ ವರ್ಷಗಟ್ಟಲೆ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲಿ ಬೆಂದ ಮರ ಒಳಗೊಳಗೇ ಇದ್ದಲಾಗುತ್ತ ಬಂದು, ಕ್ರಮೇಣ ಕಡಿಮೆ ಉಷ್ಣತೆಗೇ ಹೊತ್ತಿಕೊಳ್ಳುವ ಸ್ಥಿತಿಗೆ ಇಳಿಯುತ್ತದೆ. ಆದ್ದರಿಂದ “ಐದು ವರ್ಷದಿಂದ ಏನೂ ಆಗಿಲ್ಲ” ಎಂಬುದು ಸುರಕ್ಷತೆಯ ಸಾಕ್ಷಿಯಲ್ಲ. ಆ ಐದು ವರ್ಷಗಳೇ ಅಪಾಯವನ್ನು ಬೆಳೆಸಿರಬಹುದು.

ಎರಡನೆಯ ವಾದ ಇನ್ನೂ ಮೋಸದ್ದು: “ಹಲಗೆಯ ಮೇಲೆ ಕಲ್ಲು ಅಂಟಿಸಿದ್ದೇವೆ, ಇನ್ನೇನು ಭಯ?” ಕಲ್ಲು ಉರಿಯುವುದಿಲ್ಲ, ನಿಜ. ಆದರೆ ಅದು ಶಾಖವನ್ನು ಹೀರಿ ಬೆನ್ನ ಹಿಂದಿನ ಮರಕ್ಕೆ ದಾಟಿಸುತ್ತದೆ. ಕಾದ ಹೆಂಚಿನ ಮೇಲಿನ ರೊಟ್ಟಿಗೂ ಬೆಂಕಿಗೂ ನಡುವೆ ಹೆಂಚು ಅಡ್ಡವಿದ್ದರೂ ರೊಟ್ಟಿ ಬೇಯುವುದಿಲ್ಲವೇ? ರಕ್ಷಣೆ ಕೊಡುವುದು ಕಲ್ಲಿಗಿಂತ ಹೆಚ್ಚಾಗಿ ಅದರ ಹಿಂದೆ ಆಡುವ ಗಾಳಿ. ಲೋಹದ ತಗಡನ್ನು ಗೋಡೆಯಿಂದ 1 ಅಂಗುಲ ದೂರದಲ್ಲಿ, ಉರಿಯದ ಆಧಾರಗಳ ಮೇಲೆ ನಿಲ್ಲಿಸಿ, ಕೆಳಗೂ ಮೇಲೂ ಗಾಳಿಗೆ ದಾರಿ ಬಿಟ್ಟರೆ 36 ಅಂಗುಲದ ತೆರಪನ್ನು 12ಕ್ಕೆ ಇಳಿಸಲು ಅದೇ ಮಾನದಂಡ ಒಪ್ಪುತ್ತದೆ. ಮರಕ್ಕೆ ನೇರವಾಗಿ ಅಂಟಿಸಿದ ಕಲ್ಲಿನ ಅಲಂಕಾರಕ್ಕೆ ಅಂಥ ರಿಯಾಯಿತಿಯಿಲ್ಲ.

ಮೂರನೆಯದು ನಮ್ಮವರ ಅಚ್ಚುಮೆಚ್ಚಿನ ವಾದ: “ಅಜ್ಜನ ಕಾಲದಿಂದ ಒಲೆ ಉರಿಸಿದ್ದೇವೆ, ಯಾರು ಟೇಪು ಹಿಡಿದಿದ್ದರು?” ಹಿರಿಯರು ಟೇಪು ಹಿಡಿಯದಿರಬಹುದು, ಹಂಡೆಯ ಒಲೆಯಿದ್ದ ಬಚ್ಚಲುಮನೆಯನ್ನು ಎಷ್ಟೋ ಕಡೆ ಮಲಗುವ ಜಾಗದಿಂದ ದೂರ, ಹಿತ್ತಲ ಕಡೆಗೆ ಕಟ್ಟಿದ್ದರು. ಒಲೆಯ ಹಿಂದೆ ಮಣ್ಣಿನ ದಪ್ಪ ಗೋಡೆಯಿತ್ತು, ಕೆಳಗೆ ಕಲ್ಲು ಚಪ್ಪಡಿಯಿತ್ತು. ಬೆಂಕಿಯ ಮುಂದೆ ಯಾರಾದರೊಬ್ಬರು ಇರುತ್ತಿದ್ದರು. ಇಷ್ಟಾಗಿಯೂ ಸೋಗೆ, ಹುಲ್ಲು ಹೊದಿಸಿದ ಮನೆಗಳು ಸುಟ್ಟುಹೋದದ್ದುಂಟು. ಅದನ್ನು ಮರೆತು ಹಿಂದಿನದನ್ನು ಹೊಗಳುವುದು ಸರಿಯಲ್ಲ. ಈಗಿನ ಒಲೆಯಾದರೋ ತುಂಬ ಸೌದೆ ತುಂಬಿ, ಬಾಗಿಲು ಮುಚ್ಚಿ, ಮಲಗಲು ಹೋಗುವಂಥದು. ಹಿಂದೆ ಪ್ಲೈವುಡ್ಡು, ಪಕ್ಕದಲ್ಲಿ ಪರದೆ, ಎದುರಿಗೆ ಸೋಫಾ. ಅಜ್ಜನ ಧೈರ್ಯವನ್ನು ಎರವಲು ಪಡೆಯುವವರು ಅಜ್ಜನ ಮಣ್ಣಿನ ಗೋಡೆಯನ್ನೂ ಪಡೆಯಬೇಕಿತ್ತು.

ಹೊಗೆಕೊಳವೆಯ ವಿಷಯದಲ್ಲಂತೂ ಅಲಕ್ಷ್ಯ ಇನ್ನೂ ಹೆಚ್ಚು. ಒಂಟಿ ತಗಡಿನ ಕೊಳವೆಯನ್ನು ಮರದ ಮುಚ್ಚಿಗೆಯನ್ನೋ ಅಟ್ಟವನ್ನೋ ತೂರಿಸಿ ಮೇಲೆ ಒಯ್ಯಲೇಕೂಡದು. ಅಲ್ಲಿ ಶಾಖನಿರೋಧಕ ಪದರವಿರುವ ಚಿಮಣಿಯೇ ಬೇಕು; ಅದಕ್ಕೂ ಪಕಾಸಿಗೂ ನಡುವೆ ತಯಾರಕರು ಹೇಳಿದಷ್ಟು ತೆರಪು ಬೇಕು. ಹಸಿ ಸೌದೆ ಉರಿಸಿದರೆ ಚಿಮಣಿಯೊಳಗೆ ಡಾಂಬರಿನಂಥ ಮಸಿ ಕಟ್ಟಿಕೊಳ್ಳುತ್ತದೆ. ಅದು ಹೊತ್ತಿಕೊಂಡ ದಿನ ಕೊಳವೆಯೇ ಕುಲುಮೆಯಾಗುತ್ತದೆ. ಚಿಮಣಿಯ ತುದಿ ಮಾಡನ್ನು ದಾಟಿದ ಜಾಗದಿಂದ ಕನಿಷ್ಠ 3 ಅಡಿ ಎತ್ತರವಿರಬೇಕು, ಹಾಗೂ 10 ಅಡಿಯ ಒಳಗಿರುವ ಮಾಡಿನ ಯಾವುದೇ ಭಾಗಕ್ಕಿಂತ 2 ಅಡಿ ಮೇಲಿರಬೇಕು. ಇಲ್ಲವಾದರೆ ಗಾಳಿ ಮಗುಚಿ ಹೊಗೆ ಮನೆಯೊಳಗೇ ಇಳಿದೀತು. ಅದರೊಡನೆ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕೂಡ.

ಇವೆಲ್ಲ ಗೋಡೆ ಏಳುವ ಮೊದಲು ಕಾಗದದ ಮೇಲೆ ತೀರ್ಮಾನವಾಗಬೇಕಾದ ಸಂಗತಿಗಳು. ಮೊದಲು ಒಲೆಯನ್ನು ಆರಿಸಿ, ಅದರ ಕೈಪಿಡಿಯನ್ನು ಓದಿ, ಬಳಿಕ ಕೋಣೆಯ ನಕ್ಷೆ ಬರೆಸಿ. ಅಷ್ಟು ಜಾಗವಿಲ್ಲದಿದ್ದರೆ ಒಲೆಯ ಆಸೆಯನ್ನು ಬಿಡಿ. ಕಂಬಳಿ ಹೊದೆದು ಕುಡಿದರೂ ಕಾಫಿಯ ರುಚಿ ಕೆಡದು. ಮನೆಯ ಅಂದಕ್ಕೆ ಅಡ್ಡಿಯೆಂದು ಯಾರಾದರೂ ಮೂಗು ಮುರಿದರೆ, ಹಲಗೆಯ ಆಚೆ ಮಲಗುವವರು ಯಾರೆಂದು ಅವರನ್ನೊಮ್ಮೆ ಕೇಳಿ. ಆ ಪ್ರಶ್ನೆಗೆ ಉತ್ತರಿಸಲಾರದ ಅಂದ ನಮಗೆ ಬೇಡ.