ಒಂದೇ ಮನೆ ತಾನೆ?

ರಾತ್ರಿ ಕರೆಂಟು ಹೋದೊಡನೆ ಮೇಣದಬತ್ತಿ ಹುಡುಕುವುದಕ್ಕೂ ಮೊದಲು ನಾವೆಲ್ಲರೂ ಕಿಟಕಿಯಿಂದ ಇಣುಕಿ, ಪಕ್ಕದ ಮನೆಯಲ್ಲಿ ದೀಪವಿದೆಯೇ ಎಂದು ನೋಡುತ್ತೇವೆ. ಅಲ್ಲಿಯೂ ಕತ್ತಲೆಯಿದ್ದರೆ ಏನೋ ಒಂದು ಸಮಾಧಾನ. ಅಲ್ಲಿ ಬೆಳಕು ಕಂಡರೆ ಮಾತ್ರ ಎದೆ ಭಾರವಾಗುತ್ತದೆ. ಇದು ಹೊಟ್ಟೆಕಿಚ್ಚಲ್ಲ, ಅನುಭವ ಕಲಿಸಿದ ಪಾಠ. ಊರಿಗೆ ಬಂದ ಕಷ್ಟವನ್ನು ಕೇಳುವವರಿದ್ದಾರೆ. ಒಂದು ಮನೆಗೆ ಬಂದ ಕಷ್ಟಕ್ಕೆ ಆ ಮನೆಯೇ ಗತಿ. ಈ ಪಾಠ ಎಷ್ಟು ಅನ್ಯಾಯದ್ದೆಂದು ಹೇಳುವುದಕ್ಕಾಗಿಯೇ ಇಂದು ಬರೆಯಲು ಕುಳಿತಿದ್ದೇನೆ.

ಕಳೆದ ಮಳೆಗಾಲದಲ್ಲಿ ತಿತಿಮತಿಯ ನಮ್ಮ ಮನೆ ಮೂರು ದಿನ ಕತ್ತಲೆಯಲ್ಲಿತ್ತು. ರಸ್ತೆಯಾಚೆಯ ಮನೆಗಳಲ್ಲಿ ದೀಪ ಉರಿಯುತ್ತಿತ್ತು, ಟಿ.ವಿ. ಸದ್ದು ಕೇಳಿಸುತ್ತಿತ್ತು. ದೂರು ಹೇಳಲು ಫೋನ್ ಮಾಡಿದಾಗ ಆ ಕಡೆಯಿಂದ ಬಂದ ಪ್ರಶ್ನೆ, 'ಲೈನಿಗೇ ಇಲ್ಲವೋ, ನಿಮ್ಮೊಬ್ಬರ ಮನೆಗೋ ಮೇಷ್ಟ್ರೇ?' ನಮ್ಮ ಮನೆಗೆ ಮಾತ್ರ ಎಂದೆ. 'ಓ, ಒಂದೇ ಮನೆ ತಾನೆ? ನೋಡೋಣ ಬಿಡಿ' ಎಂಬ ಉತ್ತರ ಬಂತು. ಆ ದನಿಯಲ್ಲಿ ಒರಟುತನವಿರಲಿಲ್ಲ, ನಿರಾಳವಿತ್ತು. ನನ್ನನ್ನು ಚುಚ್ಚಿದ್ದು ಆ ನಿರಾಳವೇ. ಮೂರನೆಯ ದಿನ ಬಂದ ಹುಡುಗ ಕಂಬದ ಮೇಲೆ ಮಾಡಿದ ಕೆಲಸ ಇಪ್ಪತ್ತು ನಿಮಿಷದ್ದು. ಸರ್ವಿಸ್ ವೈರು ಲೈನಿಗೆ ಸೇರುವ ಜಾಗದಲ್ಲಿ ಕಿಲುಬು ಹಿಡಿದಿತ್ತು, ಅಷ್ಟೆ.

ನಮ್ಮ ಸೀಮೆಯಲ್ಲಿ ಇದು ಅಪರೂಪದ ರೋಗವಲ್ಲ. ತಾಮ್ರ ಮತ್ತು ಅಲ್ಯೂಮಿನಿಯಂ ತಂತಿಗಳನ್ನು ಸರಿಯಾದ ಕನೆಕ್ಟರ್ ಇಲ್ಲದೆ ಸುಮ್ಮನೆ ಸುತ್ತಿ ಬಿಟ್ಟರೆ ಮಳೆಯ ತೇವಕ್ಕೆ ಬೆಸುಗೆ ಸವೆಯುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಕಳಚಿಕೊಳ್ಳುತ್ತದೆ. ಸಿಲ್ವರ್ ಓಕ್ ಮರದ ಒಂದು ಕೊಂಬೆ ಬಿದ್ದರೂ ಸಾಕು, ತೋಟದ ನಡುವಿನ ಒಂಟಿ ಮನೆಯ ಸಂಪರ್ಕ ಕಡಿದುಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಬರುವ ಮೂರು ಫೇಸುಗಳಲ್ಲಿ ಒಂದು ಹೋದರೆ, ಅದೇ ಫೇಸಿನಲ್ಲಿರುವ ಮನೆಗಳಿಗೆ ಮಾತ್ರ ಕತ್ತಲೆ. ನ್ಯೂಟ್ರಲ್ ತಂತಿ ಸಡಿಲವಾದರಂತೂ ಕತ್ತಲೆಗಿಂತ ದೊಡ್ಡ ಅಪಾಯ: ವೋಲ್ಟೇಜ್ ಏರುಪೇರಾಗಿ ಉಪಕರಣಗಳು ಸುಟ್ಟುಹೋಗಬಹುದು, ಮುಟ್ಟಬಾರದ ಕಡೆ ಶಾಕ್ ಹೊಡೆಯಬಹುದು. ಅಂದರೆ 'ಒಂದೇ ಮನೆ'ಯ ದೂರು ಸಣ್ಣ ದೂರಾಗಿರಲೇಬೇಕೆಂದಿಲ್ಲ.

ಕತ್ತಲೆಯ ಭಾರವೂ ಎಲ್ಲೆಡೆ ಒಂದೇ ಅಲ್ಲ. ನಾಗರಹೊಳೆಯ ಕಾಡಿನಂಚಿನ ನಮ್ಮೂರಿನಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ತೋಟಕ್ಕಿಳಿಯುತ್ತವೆ. ಅಂಗಳದ ದೀಪ ಇಲ್ಲಿ ಅಲಂಕಾರವಲ್ಲ. ಬಾಗಿಲು ತೆರೆಯುವ ಮುನ್ನ ಹೊರಗೇನಿದೆಯೆಂದು ತಿಳಿಸುವ ಕಣ್ಣು. ಪಂಪು ನಿಂತರೆ ನೀರಿಲ್ಲ. ಕೊಡಗಿನ ಎಷ್ಟೋ ಮನೆಗಳಲ್ಲಿ ಇಂದು ವಯಸ್ಸಾದ ದಂಪತಿಗಳಷ್ಟೇ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ. ಅಂಥ ಮನೆಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇರುತ್ತದೆ. ಬಳಸದೆ ಇಟ್ಟಿರುವ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಬೇಕು. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ತಂದೆತಾಯಿಯರ ಮನೆಯ ಮಾತನ್ನೇ ನಾನು ಆಡುತ್ತಿದ್ದೇನೆ.

ಇನ್ನು ಕಾನೂನು ಏನೆನ್ನುತ್ತದೆ ನೋಡೋಣ. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೆಯ ಕಲಮಿನ ಪ್ರಕಾರ, ನಿಗದಿತ ಮಟ್ಟದ ಸೇವೆ ಕೊಡದ ಸರಬರಾಜುದಾರರು ಬಾಧಿತ ಗ್ರಾಹಕನಿಗೆ ಪರಿಹಾರ ಕೊಡಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲಿ ಹೊರಡಿಸಿದ ನಿಯಮಾವಳಿಯು ಫ್ಯೂಸ್ ಹೋದ ದೂರಿಗೆ ಗಡುವು ಗೊತ್ತುಮಾಡಿತು: ನಗರ ಪಟ್ಟಣಗಳಲ್ಲಿ 6 ಗಂಟೆ, ಹಳ್ಳಿಗಳಲ್ಲಿ 24 ಗಂಟೆ. ಹಳ್ಳಿಯ ಹಾಲು ಪಟ್ಟಣದ ಹಾಲಿಗಿಂತ ನಾಲ್ಕು ಪಟ್ಟು ನಿಧಾನವಾಗಿ ಒಡೆಯುತ್ತದೆಂದು ಯಾರು ಲೆಕ್ಕ ಹಾಕಿದರೋ ಕಾಣೆ. ಹೋಗಲಿ, ಆ 24 ಗಂಟೆಯನ್ನಾದರೂ ಮನ್ನಿಸಬೇಡವೇ? 2020ರ ಗ್ರಾಹಕ ಹಕ್ಕುಗಳ ನಿಯಮಗಳು ಇನ್ನೂ ಮುಂದೆ ಹೋಗಿ, ಪರಿಹಾರ ತಾನಾಗಿಯೇ ಗ್ರಾಹಕನಿಗೆ ಸಲ್ಲಬೇಕೆಂದವು. ಆದರೆ ದೂರದಿಂದಲೇ ಗಮನಿಸಲು ಸಾಧ್ಯವಿರುವ ಸಂಗತಿಗಳಿಗೆ ಮಾತ್ರ ಆ ಮಾತು ಅನ್ವಯ. ತೋಟದ ಮೂಲೆಯ ಹಳೆಯ ಮೀಟರು ಸತ್ತಿದೆಯೋ ಬದುಕಿದೆಯೋ ಎಂಬುದು ದೂರದ ಯಾವ ಪರದೆಯ ಮೇಲೂ ಮೂಡುವುದಿಲ್ಲ. ಕೊಟ್ಟ ಹಕ್ಕು ಕೊಟ್ಟಲ್ಲಿಯೇ ಉಳಿಯಿತು.

ಒಂಟಿ ಮನೆ ಕಾಣಿಸುವುದೇ ಇಲ್ಲವೆಂಬ ನೆಪವನ್ನು ಮಾತ್ರ ನಾನು ಒಪ್ಪಲಾರೆ. ಪ್ರತಿ ಮನೆಗೂ ಒಂದು ಆರ್.ಆರ್. ಸಂಖ್ಯೆಯಿದೆ. ತಿಂಗಳಿಗೊಮ್ಮೆ ಮೀಟರ್ ಓದಲು ಬರುವವರು ಮಳೆಯಿರಲಿ ಕೆಸರಿರಲಿ ದಾರಿ ತಪ್ಪುವುದಿಲ್ಲ. ಬಾಕಿ ಉಳಿಸಿಕೊಂಡವನಿಗೆ 15 ದಿನಗಳ ನೋಟೀಸು ಕೊಟ್ಟು ಸಂಪರ್ಕ ಕಡಿಯಲು ಅದೇ ಕಾಯಿದೆಯ 56ನೆಯ ಕಲಮು ಅಧಿಕಾರ ಕೊಡುತ್ತದೆ. ಆ ದಿನ ಅವರಿಗೆ ಯಾವ ಕಂಬ, ಯಾವ ವೈರು, ಯಾವ ಮನೆ ಎಂಬುದು ಕರಾರುವಾಕ್ಕಾಗಿ ತಿಳಿದಿರುತ್ತದೆ. 'ಒಂದೇ ಮನೆ ತಾನೆ, ನೋಡೋಣ ಬಿಡಿ' ಎಂದು ಆಗ ಯಾರೂ ಹೇಳುವುದಿಲ್ಲ. ವಸೂಲಿಗೆ ಕಾಣುವ ಮನೆ ದುರಸ್ತಿಗೆ ಏಕೆ ಕಾಣುವುದಿಲ್ಲ?

ಕಾರಣ ಲೆಕ್ಕದಲ್ಲಿದೆ. ಸರಬರಾಜು ಎಷ್ಟು ನೆಚ್ಚಿಕೊಳ್ಳುವಂಥದು ಎಂಬುದನ್ನು ಸರಾಸರಿಯಿಂದ ಅಳೆಯುತ್ತಾರೆ. ಸಾವಿರ ಮನೆಗಳ ಊರಿನಲ್ಲಿ ಒಂದು ಮನೆ 72 ಗಂಟೆ ಕತ್ತಲೆಯಲ್ಲಿದ್ದರೆ, ಅದು 4,320 ನಿಮಿಷ. ಸಾವಿರದಿಂದ ಭಾಗಿಸಿ: ತಲೆಗೆ 4.32 ನಿಮಿಷ. ಮೂರು ರಾತ್ರಿಯ ಸಂಕಟ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾಗಿ ಕರಗಿತು! ನಮ್ಮ ದೇಶದಲ್ಲಿ ಈ ಲೆಕ್ಕವನ್ನು ಸಾಮಾನ್ಯವಾಗಿ 11 ಕೆ.ವಿ. ಫೀಡರಿನ ಮಟ್ಟದಲ್ಲಿ ಹಾಕುವುದರಿಂದ ಆ ನಾಲ್ಕು ನಿಮಿಷವೂ ಪಟ್ಟಿಗೆ ಬರುವುದಿಲ್ಲ. ಫೀಡರಿನಲ್ಲಿ ವಿದ್ಯುತ್ತಿತ್ತಲ್ಲ!

ನಾವು ಮೇಷ್ಟರುಗಳು ಹಾಜರಿ ಹಾಕುತ್ತಿದ್ದುದು ಹೀಗಲ್ಲ. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿ ಬಂದರೆ ಹಾಜರಿ ಶೇಕಡಾ 97.5. ತಪಾಸಣೆಗೆ ಬಂದವರು ಮೆಚ್ಚುವ ಅಂಕಿ. ಆದರೂ ಹೆಸರು ಹಿಡಿದು ಕೂಗುತ್ತಿದ್ದೆವು. ಉತ್ತರ ಬಾರದ ಹೆಸರಿನ ಮುಂದೆ ಗುರುತು ಹಾಕಿ, ಮೂರು ದಿನ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುತ್ತಿದ್ದೆವು. ಸಂಖ್ಯೆ ಇಲಾಖೆಗೆ, ಹೆಸರು ಮೇಷ್ಟರಿಗೆ. ಬೆಳಕಿನ ಲೆಕ್ಕ ಇಡುವವರೂ ಹೆಸರು ಹಿಡಿದು ಕೂಗಲಿ ಎಂಬುದಷ್ಟೇ ನನ್ನ ವಾದ.

ದೊಡ್ಡ ಸಂಖ್ಯೆಗೆ ಮಾತ್ರ ಕಣ್ಣು ತೆರೆಯುವ ರೂಢಿ ಮೇಲಿನಿಂದಲೇ ಬಂದಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಮತ್ತು ಪೂರ್ವ ಭಾರತದ ವಿದ್ಯುತ್ ಜಾಲ ಕುಸಿದಾಗ ಸುಮಾರು 60 ಕೋಟಿ ಜನ ಕತ್ತಲೆಯಲ್ಲಿ ಮುಳುಗಿದರು. ತನಿಖೆಯಾಯಿತು, ವರದಿ ಬಂತು, ಅದು ಸರಿಯೇ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ ಬಂದಾಗ ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವೆಂದು ಸಾರಿದರು. ಆದರೆ ಅಂದಿನ ವ್ಯಾಖ್ಯೆಯಂತೆ ಶಾಲೆ, ಪಂಚಾಯಿತಿ ಮೊದಲಾದ ಸಾರ್ವಜನಿಕ ಸ್ಥಳಗಳಿಗೂ ಶೇಕಡಾ 10ರಷ್ಟು ಮನೆಗಳಿಗೂ ವಿದ್ಯುತ್ತಿದ್ದರೆ ಆ ಹಳ್ಳಿ 'ವಿದ್ಯುದೀಕರಣಗೊಂಡ' ಹಳ್ಳಿ. ನೂರರಲ್ಲಿ ತೊಂಬತ್ತು ಮನೆ ಕತ್ತಲೆಯಲ್ಲಿದ್ದರೂ ಊರು ಬೆಳಗಿತು! ಊರಿಗೆ ಬೆಳಕು ಬರುವುದೆಂದರೇನು ಸ್ವಾಮಿ? ಬೆಳಕು ಬರುವುದು ಮನೆಗೆ.

ನಮ್ಮ ಸುತ್ತಲಿನ ಕಾಡಿನ ಹಾಡಿಗಳ ಜೇನುಕುರುಬರು, ಯರವರು ಈ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲರು. 2006ರ ಅರಣ್ಯ ಹಕ್ಕು ಕಾಯಿದೆಯ 3(2) ಕಲಮು ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯಲ್ಲಿ ವಿದ್ಯುತ್ ತಂತಿ ಎಳೆಯಲು ಅವಕಾಶ ಕೊಡುತ್ತದೆ. ಹಾಗಿದ್ದೂ 'ನಾಲ್ಕೇ ಮನೆ ತಾನೆ' ಎಂದರೆ ಕಡತ ಅಲ್ಲಿಗೇ ಮಲಗುತ್ತದೆ. ಒಂದು ಮನೆಯನ್ನು ತಳ್ಳಿಹಾಕಲು ಕಲಿತ ನಾಲಿಗೆಗೆ ನಾಲ್ಕು ಮನೆಯನ್ನು ತಳ್ಳಿಹಾಕುವುದು ಕಷ್ಟವಲ್ಲ.

ನನ್ನ ಮಾತಿಗೆ ಎದುರುತ್ತರವಿದೆಯೆಂದು ಬಲ್ಲೆ. ಬಿರುಗಾಳಿಯಲ್ಲಿ ನೂರು ಕಂಬ ಬಿದ್ದಾಗ ಮೊದಲು ಫೀಡರನ್ನು ಸರಿಪಡಿಸಬೇಡವೇ? ಬೇಕು, ಖಂಡಿತ ಬೇಕು. ಆಸ್ಪತ್ರೆ, ನೀರಿನ ಪಂಪು, ಆಮೇಲೆ ಬಡಾವಣೆ, ಕೊನೆಗೆ ಒಂಟಿ ಮನೆ, ಈ ಸರದಿಗೆ ನನ್ನ ತಕರಾರಿಲ್ಲ. ಕೊನೆಯವನಿಗೂ ಒಂದು ಸರದಿ ಇರಲಿ, ಅದಕ್ಕೊಂದು ಗಂಟೆ ಗೊತ್ತಾಗಲಿ ಎನ್ನುತ್ತೇನೆ. ಲೈನ್‌ಮನ್‌ಗಳು ಕಡಿಮೆಯೆಂಬುದೂ ನಿಜ. ಸುರಿಯುವ ಮಳೆಯಲ್ಲಿ ಜಾರುವ ಕಂಬವೇರುವ ಆ ಹುಡುಗರ ಮೇಲೆ ನನಗೆ ಗೌರವವೇ ಹೊರತು ದೂರಿಲ್ಲ. ಅವರ ಸಂಖ್ಯೆಯನ್ನು ಕಡಿಮೆ ಇಟ್ಟು, ಅದೇ ಕೊರತೆಯನ್ನು ನೆಪವಾಗಿ ನಮ್ಮ ಮುಂದೆ ಹಿಡಿಯುವವರ ಮೇಲಿದೆ. 'ಒಂದು ಯು.ಪಿ.ಎಸ್. ಹಾಕಿಸಿಬಿಡಿ' ಎನ್ನುವ ಹಿತೈಷಿಗಳಿಗೂ ಒಂದು ಮಾತು: ಉಳ್ಳವರು ಹಾಕಿಸುತ್ತಾರೆ, ಸುಮ್ಮನಾಗುತ್ತಾರೆ. ಲೈನ್ ಮನೆಯ ಕೂಲಿಕಾರ ಏನು ಮಾಡಬೇಕು? ಕೂಗಬಲ್ಲವರು ಬ್ಯಾಟರಿ ಕೊಂಡು ಮೌನವಾದ ದಿನ, ಕೂಗಲಾರದವರ ಕತ್ತಲೆ ಕಾಯಮ್ಮಾಗುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಗೆ ಮಾತ್ರ ಕರೆಂಟು ಹೋದಾಗ ಸಂಕೋಚಪಡಬೇಡಿ. ಮೊದಲು ನಿಮ್ಮದೇ ಮೇನ್ ಸ್ವಿಚ್ಚು, ಎಂ.ಸಿ.ಬಿ. ಬಿದ್ದಿದೆಯೇ ನೋಡಿ. ಅದು ಸರಿಯಿದ್ದರೆ ಕಂಬದ ತಂಟೆಗೆ ಹೋಗಬೇಡಿ. ಬಿದಿರುಗಳುವಿನಿಂದ ತಂತಿ ತಟ್ಟುವ ಸಾಹಸ ಬೇಡವೇ ಬೇಡ, ಒದ್ದೆ ಬಿದಿರಿನಲ್ಲಿ ವಿದ್ಯುತ್ ಹರಿಯುತ್ತದೆ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ, ಹೊತ್ತನ್ನೂ ಬರೆಯಿರಿ. ಗಡುವು ಮೀರಿದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೂ ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ; ಎರಡೂ ಅದೇ 2003ರ ಕಾಯಿದೆ ಕೊಟ್ಟವು. ಪರಿಹಾರದ ಹಣ ಅಲ್ಪವೆಂದು ಬಿಟ್ಟುಕೊಡಬೇಡಿ. ಆ ಅಲ್ಪ ಮೊತ್ತ ಕಚೇರಿಯ ಲೆಕ್ಕಪುಸ್ತಕದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಸರಾಸರಿಯಲ್ಲಿ ಕರಗದ ಸಾಲು ಅದೊಂದೇ.

ಇನ್ನೊಂದು ಮಾತು, ಇದು ನಿಮ್ಮ ಮನೆಯಲ್ಲಿ ದೀಪ ಉರಿಯುತ್ತಿರುವ ರಾತ್ರಿಗೆ. ಪಕ್ಕದ ಮನೆ ಕತ್ತಲಾಗಿರುವುದು ಕಂಡರೆ ಅವರ ಪರವಾಗಿ ನೀವೂ ಒಂದು ಫೋನ್ ಮಾಡಿ. ಒಂದೇ ಮನೆಗಾಗಿ ಎರಡು ಮನೆಯವರು ಕೇಳಿದರೆ, 'ಒಂದೇ ಮನೆ ತಾನೆ' ಎನ್ನುವುದು ಅಷ್ಟು ಸುಲಭವಾಗುವುದಿಲ್ಲ.