ಹಾರುವ ವಿದ್ಯೆಗೆ ಯಾವ ಶಾಲೆ?

ವಿಮಾನ ನಡೆಸುವ ವಿದ್ಯೆಯನ್ನು ಕಲಿಯಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ದಾವಣಗೆರೆ ಹರಿಹರಗಳಲ್ಲಿ ಈಗ ಅಪರೂಪವಲ್ಲ. ಭೌತಶಾಸ್ತ್ರದ ಅಧ್ಯಾಪಕರಾದ ನಮ್ಮ ಬಳಿಗೆ ವರ್ಷಕ್ಕೆ ಇಬ್ಬರು ಮೂವರಾದರೂ ಬಂದು ಕೇಳುವುದುಂಟು: “ಸಾರ್, ಖಾಸಗಿ ಪೈಲಟ್ ಲೈಸೆನ್ಸಿಗೆ ಯಾವ ಕ್ಲಬ್ಬು ಸೇರಬೇಕು? ನಮ್ಮೂರಿಗೆ ಹತ್ತಿರದ್ದು ಯಾವುದು?” ಎರಡನೆಯ ಪ್ರಶ್ನೆಗೆ ನಕಾಶೆಯೇ ಉತ್ತರ ಹೇಳುತ್ತದೆ, ಮೊದಲನೆಯದಕ್ಕೆ ಹೇಳುವುದಿಲ್ಲ. ಎರಡೂ ಒಂದೇ ಪ್ರಶ್ನೆಯೆಂದು ಭಾವಿಸಿ, ಚನ್ನಗಿರಿಯ ಕಡೆಯ ಅಡಿಕೆ ತೋಟದ ಮೇಲೆ ಸಾಲವೆತ್ತಿ, ಹಣವನ್ನೆಲ್ಲ ಒಂದೇ ಕಂತಿನಲ್ಲಿ ಸುರಿದು, ಬಳಿಕ ತಿಂಗಳುಗಟ್ಟಲೆ ನೆಲದ ಮೇಲೆಯೇ ಕುಳಿತಿರುವ ಮಕ್ಕಳಿದ್ದಾರೆ. ಅಂಥವರಿಗಾಗಿ ಈ ಕೆಲವು ಮಾತು.

ದಾವಣಗೆರೆಗೆ ತನ್ನದೇ ಆದ ವಿಮಾನ ನಿಲ್ದಾಣವಿಲ್ಲ. ಅದು ಬೇಕೆಂಬ ಕೂಗು ಆಗಾಗ ಏಳುತ್ತದೆ, ಅಡಗುತ್ತದೆ. ಉತ್ತರಕ್ಕೆ ಹುಬ್ಬಳ್ಳಿಯಲ್ಲಿ ನಿಲ್ದಾಣವುಂಟು. 2023ರ ಫೆಬ್ರವರಿ 27ರಂದು ಶಿವಮೊಗ್ಗೆಯ ಸೋಗಾನೆಯಲ್ಲಿಯೂ ಒಂದು ತೆರೆಯಿತು. ಆದರೆ ನಿಲ್ದಾಣ ಬೇರೆ, ಶಾಲೆ ಬೇರೆ. ಕನ್ನಡ ನಾಡಿನಲ್ಲಿ ಹಾರುವ ವಿದ್ಯೆಯ ಹಳೆಯ ಮನೆಯೆಂದರೆ ಬೆಂಗಳೂರಿನ ಜಕ್ಕೂರು. 1948ರ ಸುಮಾರಿಗೆ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಆ ವಿಮಾನ ಕ್ಷೇತ್ರ ಆರಂಭವಾಯಿತು. ಸರ್ಕಾರದ ವಿಮಾನ ತರಬೇತಿ ಶಾಲೆ ಇರುವುದು ಅಲ್ಲಿಯೇ. ಮೈಸೂರಿನ ಮಂಡಕಳ್ಳಿಯಲ್ಲಿ ಖಾಸಗಿ ಶಾಲೆಯೊಂದು ನಡೆದುಬಂದಿದೆ. 2020–21ರಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹೊಸ ತರಬೇತಿ ಸಂಸ್ಥೆಗಳಿಗೆಂದು ದೇಶದ ಐದು ನಿಲ್ದಾಣಗಳನ್ನು ಆರಿಸಿದಾಗ, ಬೆಳಗಾವಿ ಮತ್ತು ಕಲಬುರಗಿ ಎರಡೂ ಆ ಐದರಲ್ಲಿ ಸೇರಿದುವು. ದಾವಣಗೆರೆಯಿಂದ ಜಕ್ಕೂರಿಗೂ ಬೆಳಗಾವಿಗೂ ದೂರದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಎರಡೂ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಮನೆಯಿಂದ ದಿನವೂ ಹೋಗಿಬರುವ ಮಾತು ಎಲ್ಲಿಗೂ ಸಲ್ಲದು. ಊರು ಬಿಡಲೇಬೇಕೆಂದಾದ ಮೇಲೆ, ನೂರು ಕಿಲೋಮೀಟರು ಹೆಚ್ಚೋ ಕಡಿಮೆಯೋ ಎಂಬ ಲೆಕ್ಕಕ್ಕೆ ಅರ್ಥವಿಲ್ಲ.

ಕಾನೂನು ಕೇಳುವುದು ಬಹಳವಲ್ಲ. ವಯಸ್ಸು 17 ತುಂಬಿರಬೇಕು, ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು, ಎರಡನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು, ಲಿಖಿತ ಪರೀಕ್ಷೆ ಮುಗಿಸಬೇಕು, ರೇಡಿಯೋ ಬಳಕೆಯ ಲೈಸೆನ್ಸು ಪಡೆಯಬೇಕು. ಇವೆಲ್ಲಕ್ಕೂ ಮೇಲಾಗಿ 40 ಗಂಟೆಗಳ ಹಾರಾಟವಾಗಬೇಕು. ಅದರಲ್ಲಿ ಏಕಾಂಗಿಯಾಗಿ ಊರಿಂದೂರಿಗೆ ಹಾರಿದ್ದು 5 ಗಂಟೆಗೆ ಕಡಿಮೆಯಿರಬಾರದು. ಆ ಏಕಾಂಗಿ ಯಾನಗಳಲ್ಲೊಂದು 150 ನಾಟಿಕಲ್ ಮೈಲಿಗಳದಾಗಿರಬೇಕು, ಎಂದರೆ ಸುಮಾರು 278 ಕಿಲೋಮೀಟರು. ದಾವಣಗೆರೆಯಿಂದ ಬೆಂಗಳೂರಿನ ಹೆದ್ದಾರಿಗಿಂತ ತುಸು ಹೆಚ್ಚೇ ಆಯಿತು. ಈ ಪೈಕಿ ವೈದ್ಯಕೀಯ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಿಕೊಳ್ಳಬೇಕೆಂದು ನಾವು ಒತ್ತಿ ಹೇಳುತ್ತೇವೆ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣು ಯಾರದೆಂಬುದು ಅವರಿಗೇ ಗೊತ್ತಿರುವುದಿಲ್ಲ. ಶುಲ್ಕ ಕಟ್ಟಿದ ಮೇಲೆ ಅದು ತಿಳಿದುಬಂದರೆ ಯಾರನ್ನು ದೂರುವುದು?

ಇನ್ನು 40 ಗಂಟೆಯೆಂಬ ಸಂಖ್ಯೆಯ ವಿಚಾರ. ಇದು ಕನಿಷ್ಠ ಮಿತಿ. ಇಷ್ಟರಲ್ಲಿಯೇ ಮುಗಿಸುವವರು ಕೆಲವರು ಮಾತ್ರ. ಎಷ್ಟರಲ್ಲಿ ಮುಗಿಯುತ್ತದೆಂಬುದು ಕಲಿಯುವವನ ಬುದ್ಧಿಗಿಂತಲೂ ಪಾಠಗಳ ನಡುವಣ ಅಂತರವನ್ನು ಹೆಚ್ಚಾಗಿ ಅವಲಂಬಿಸಿದೆ. ವಿಮಾನವನ್ನು ಇಳಿಸುವುದು ಕೈಯ, ಕಣ್ಣಿನ ಅಭ್ಯಾಸ. ಈಜಿನಂತೆ ಒಮ್ಮೆ ಬಂದರೆ ಬಂತು ಎನ್ನುವಂಥದಲ್ಲ. ವಾರಕ್ಕೆ ಮೂರು ಸಲ ಹಾರಿದವನು ಮುಂದಿನ ಪಾಠಕ್ಕೆ ಹೋಗುತ್ತಾನೆ, ತಿಂಗಳಿಗೆ ಎರಡು ಸಲ ಹಾರಿದವನು ಹಿಂದಿನ ಪಾಠವನ್ನೇ ಮತ್ತೆ ಕೊಳ್ಳುತ್ತಾನೆ. ಉದಾಹರಣೆಗೆ, ಒಂದು ಶಾಲೆ ಗಂಟೆಗೆ 12,000 ರೂಪಾಯಿ ಕೇಳುತ್ತದೆ, ಇನ್ನೊಂದು 15,000 ಕೇಳುತ್ತದೆ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಸರದಿ ಸಿಗದೆ ಎಳೆದಾಡಿ 60 ಗಂಟೆಗೆ ಮುಗಿದರೆ ವೆಚ್ಚ 7,20,000. ಎರಡನೆಯದರಲ್ಲಿ ಸತತವಾಗಿ ಹಾರಿ 45 ಗಂಟೆಗೆ ಮುಗಿದರೆ 6,75,000. ಅಗ್ಗದ ಶಾಲೆಯೇ ದುಬಾರಿಯಾಯಿತು; ಜೊತೆಗೆ ಆ ಊರಿನಲ್ಲಿ ಕಳೆದ ಹೆಚ್ಚಿನ ತಿಂಗಳುಗಳ ಊಟ ಬಾಡಿಗೆಗಳು ಬೇರೆ.

ಆದುದರಿಂದ ಗಂಟೆಯ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ತಿಂಗಳಿಗೆ ನನಗೆ ಎಷ್ಟು ಗಂಟೆ ಸಿಗುವುದು? ಇದನ್ನು ಶಾಲೆಯವರ ಬಾಯಿಂದ ಕೇಳಬೇಕಾಗಿಯೇ ಇಲ್ಲ, ಪ್ರಾಥಮಿಕ ಶಾಲೆಯ ಗಣಿತ ಸಾಕು. ಹಾರುವ ಸ್ಥಿತಿಯಲ್ಲಿರುವ ವಿಮಾನಗಳು ನಾಲ್ಕು, ಒಂದೊಂದೂ ದಿನಕ್ಕೆ ಐದು ಗಂಟೆ ಹಾರುತ್ತದೆ, ತಿಂಗಳಲ್ಲಿ ಇಪ್ಪತ್ತು ದಿನ ಹವೆ ಒಳ್ಳೆಯದಿರುತ್ತದೆ ಎಂದರೆ ಒಟ್ಟು 400 ಗಂಟೆ. ವಿದ್ಯಾರ್ಥಿಗಳು 60 ಮಂದಿಯಿದ್ದರೆ ತಲೆಗೆ ಏಳು ಗಂಟೆಯೂ ಬರಲಿಲ್ಲ. ವೃತ್ತಿ ಪೈಲಟ್ ಲೈಸೆನ್ಸಿಗೆ 200 ಗಂಟೆ ಬೇಕಾದವನಿಗೆ ಈ ವೇಗದಲ್ಲಿ ಎರಡೂವರೆ ವರ್ಷ ಹಿಡಿಯುತ್ತದೆ. ಇಲ್ಲಿ “ಹಾರುವ ಸ್ಥಿತಿಯಲ್ಲಿರುವ” ಎಂಬ ಮಾತನ್ನು ಓದುಗರು ಗಮನಿಸಬೇಕು. ಜಾಹೀರಾತಿನ ಚಿತ್ರದಲ್ಲಿ ಹನ್ನೆರಡು ವಿಮಾನ ಸಾಲಾಗಿ ನಿಂತಿರಬಹುದು. ಅವುಗಳಲ್ಲಿ ಬಿಡಿಭಾಗಗಳಿಗಾಗಿ ಕಾಯುತ್ತ ಹ್ಯಾಂಗರಿನ ಮೂಲೆ ಹಿಡಿದವು ಎಷ್ಟೆಂದು ಚಿತ್ರ ಹೇಳುವುದಿಲ್ಲ. ಹಾಗೆಯೇ ಶಿಕ್ಷಕರು ಎಷ್ಟು ಮಂದಿ, ಕಳೆದ ವರ್ಷವಿದ್ದವರು ಈಗಲೂ ಇದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು. ವಿಮಾನವಿದ್ದೂ ಕಲಿಸುವವರಿಲ್ಲದೆ ಸರ್ಕಾರದ ಶಾಲೆಯ ಕೆಲಸವೇ ಕುಂಟಿದ ಕಾಲವುಂಟು.

ಹರಿಹರದವರಿಗೆ ಯಂತ್ರಪಾಲನೆಯ ಮಾತನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳನ್ನು ಕಟ್ಟಿದ ಹಿರಿಯರು ಆ ಊರಿನಲ್ಲಿದ್ದಾರೆ. ಒಂದು ವರ್ಕ್‌ಶಾಪಿನ ನೆಲವನ್ನೂ ಉಪಕರಣ ಇಟ್ಟ ರೀತಿಯನ್ನೂ ನೋಡಿ ಅಲ್ಲಿನ ಕೆಲಸದ ಗುಣವನ್ನು ಹೇಳಬಲ್ಲವರು. ಅಂಥ ತಾತನೊಬ್ಬನನ್ನು ಹ್ಯಾಂಗರಿಗೆ ಕರೆದುಕೊಂಡು ಹೋಗುವುದು, ಹತ್ತು ಮಂದಿ ಸಲಹೆಗಾರರ ಭರವಸೆಗಿಂತ ಮೇಲೆಂದು ನಮ್ಮ ಅಭಿಪ್ರಾಯ.

ಈಗ ನಮ್ಮ ಶಾಸ್ತ್ರಕ್ಕೆ ಸೇರಿದ ಒಂದು ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಅದನ್ನು ಕೇಳುವುದೇ ಇಲ್ಲ. ವಿಮಾನ ಕ್ಷೇತ್ರ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಅಲ್ಲಿನ ಬೇಸಿಗೆ ಎಂಥದು ಎಂಬುದೇ ಆ ವಿಷಯ. ಜಕ್ಕೂರು ಸುಮಾರು 3,000 ಅಡಿಯ ಮೇಲಿದೆ, ಬೆಳಗಾವಿ ಸುಮಾರು 2,500, ಕಲಬುರಗಿ 1,500ರ ಆಸುಪಾಸು. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣತೆಯಲ್ಲಿ, ಒಂದು ಘನಮೀಟರು ಗಾಳಿಯ ತೂಕ 1.225 ಕಿಲೋಗ್ರಾಂ. ಜಕ್ಕೂರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 34 ಡಿಗ್ರಿಯಿದ್ದಾಗ ಅದು 1.03ಕ್ಕೆ ಇಳಿದಿರುತ್ತದೆ. ಆರರಲ್ಲೊಂದು ಪಾಲು ಗಾಳಿಯೇ ಇಲ್ಲವೆನ್ನಿ. ರೆಕ್ಕೆ ಅಷ್ಟೇ ಭಾರವನ್ನು ಎತ್ತಬೇಕಾದರೆ ವಿಮಾನವು ನೂರಕ್ಕೆ ಒಂಬತ್ತರಷ್ಟು ಹೆಚ್ಚು ವೇಗದಿಂದ ಓಡಬೇಕಾಗುತ್ತದೆ. ಓಟದ ಉದ್ದ ವೇಗದ ವರ್ಗಕ್ಕೆ ಅನುಗುಣವಾದುದರಿಂದ ಅದು ಹತ್ತೊಂಬತ್ತರಷ್ಟು ಬೆಳೆಯಿತು. ಅಷ್ಟಕ್ಕೆ ಮುಗಿಯಲಿಲ್ಲ: ಎಂಜಿನ್ನಿಗೂ ಅದೇ ತೆಳು ಗಾಳಿಯೇ ಆಹಾರ, ಅದರ ಬಲವೂ ಸುಮಾರು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಎರಡನ್ನೂ ಗುಣಿಸಿದರೆ, ನೆಲ ಬಿಡುವುದಕ್ಕೆ ಬೇಕಾದ ಓಟ ಸಮುದ್ರತೀರದಲ್ಲಿ ಬೇಕಾದುದಕ್ಕಿಂತ ಸುಮಾರು ನೂರಕ್ಕೆ ನಲವತ್ತರಷ್ಟು ಹೆಚ್ಚು.

ಸ್ವಾರಸ್ಯವೆಂದರೆ, ವೇಗಮಾಪಕದ ಮುಳ್ಳು ಇದಾವುದನ್ನೂ ತೋರಿಸುವುದಿಲ್ಲ. ಅದು ಅಳೆಯುವುದು ಎದುರುಗಾಳಿಯ ಒತ್ತಡವನ್ನು. ಗಾಳಿ ತೆಳುವಾದಷ್ಟೂ ಅದೇ ಒತ್ತಡಕ್ಕೆ ಹೆಚ್ಚು ವೇಗ ಬೇಕು. ಆದುದರಿಂದ ಮುಳ್ಳು ಎಂದಿನ ಅಂಕದಲ್ಲಿಯೇ ನಿಂತಿರುವಾಗ ನೆಲ ಮಾತ್ರ ಎಂದಿಗಿಂತ ಬೇಗ ಓಡುತ್ತಿರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದವನಿಗೂ, ಏಪ್ರಿಲ್ ಬಿಸಿಲಿನಲ್ಲಿ ಸೊಂಟದ ಪಟ್ಟಿ ಕಟ್ಟಿ ಕುಳಿತು ಅನುಭವಿಸಿದವನಿಗೂ ಅಜಗಜಾಂತರವಿದೆ. ಆದುದರಿಂದ ಎತ್ತರದ ಕ್ಷೇತ್ರ ಕಲಿಕೆಗೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಎಚ್ಚರವುಳ್ಳ ಶಿಕ್ಷಕರಿದ್ದರೆ ಅದೇ ಒಳ್ಳೆಯ ಪ್ರಯೋಗಶಾಲೆ. ಆದರೆ ಬಿಸಿಲಿನ ದಿನ ಇಬ್ಬರನ್ನೂ ತುಂಬಿದ ಇಂಧನವನ್ನೂ ಹೊತ್ತು ಹೊರಡುವ ಮುನ್ನ ಓಟದ ಉದ್ದವನ್ನು ಲೆಕ್ಕ ಹಾಕಿಸುವ ಅಭ್ಯಾಸ ಆ ಶಾಲೆಯಲ್ಲಿದೆಯೇ ಎಂದು ಕೇಳಿ ತಿಳಿಯಬೇಕು. ಹಾಕಿಸುವುದಿಲ್ಲವೆಂದಾದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಗಾಳಿಯ ದಿಕ್ಕಿನ ವಿಚಾರದಲ್ಲಿ ನಮ್ಮ ನಾಡು ಅನುಕೂಲವಾಗಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಎಲ್ಲೆಡೆಯೂ ಓಡುದಾರಿಗಳು ಹೆಚ್ಚುಕಡಮೆ ಪೂರ್ವಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿ ಎದುರಿಗೇ ಸಿಗುತ್ತದೆ. ಮೋಡದ ಮಾತು ಬೇರೆ. ಕಣ್ಣಳತೆಯಿಂದ ಹಾರುವ ವಿದ್ಯಾರ್ಥಿಗೆ ನೆಲ ಕಾಣಬೇಕು, ದೂರ ಕಾಣಬೇಕು. ಸಹ್ಯಾದ್ರಿಯ ಮಗ್ಗುಲಿನ ಬೆಳಗಾವಿಯಲ್ಲಿ ಜುಲೈ ತಿಂಗಳ ಮೋಡ ತಗ್ಗಿ ನಿಂತು ದಿನಗಟ್ಟಲೆ ಹಾರಾಟ ತಡೆಯುವುದುಂಟು. ಕಲಬುರಗಿಯಲ್ಲಿ ಮಳೆ ಕಡಿಮೆ, ಆದರೆ ಬೇಸಿಗೆಯ ಮಧ್ಯಾಹ್ನದ ಬಿಸಿಗಾಳಿ ಪುಟ್ಟ ವಿಮಾನವನ್ನು ಗಾಳಿಪಟದಂತೆ ಕುಣಿಸುತ್ತದೆ. ಸೆಪ್ಟೆಂಬರು ಕಳೆದ ಮೇಲೆ ಸೇರಿ ಮಾರ್ಚಿಯೊಳಗೆ ಮುಗಿಸುವಂತೆ ಯೋಜಿಸಿದರೆ ಎರಡೂ ತಾಪತ್ರಯಗಳಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಜಕ್ಕೂರಿನ ತೊಡಕು ಮತ್ತೊಂದು ಬಗೆಯದು. ಒಂದು ಕಡೆ ಯಲಹಂಕದ ವಾಯುಪಡೆ ನೆಲೆ, ಇನ್ನೊಂದು ಕಡೆ 2008ರಿಂದ ದೇವನಹಳ್ಳಿಯ ದೊಡ್ಡ ನಿಲ್ದಾಣ. ಪಕ್ಕದ ಬಳ್ಳಾರಿ ರಸ್ತೆಯ ಮೇಲುಸೇತುವೆ ಎದ್ದಾಗ ಅದರ ಎತ್ತರ ಹಾರಾಟಕ್ಕೆ ಅಡ್ಡಿಯೆಂಬ ವಿವಾದವೂ ನಡೆಯಿತು. ಇಂಥ ಕಡೆ ಅಪ್ಪಣೆಗಾಗಿ ಕಾಯುವುದು ಸಹಜ. ಹಾಗೆ ಕಾಯುವಾಗ ಎಂಜಿನ್ನು ತಿರುಗುತ್ತಿದ್ದರೆ ಆ ನಿಮಿಷಗಳು ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯತಕ್ಕದ್ದು.

ನಮ್ಮ ಮುಖ್ಯವಾದ ಆಕ್ಷೇಪಣೆಯನ್ನು ಇನ್ನೂ ಹೇಳಿಲ್ಲ. ಭಾರತದಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿದ್ದು ಹವ್ಯಾಸಿಗಳಿಗಾಗಿ. 1929ರ ಫೆಬ್ರವರಿಯಲ್ಲಿ ಜೆ. ಆರ್. ಡಿ. ಟಾಟಾ ಅವರು ಈ ದೇಶದಲ್ಲಿ ಕೊಡಲಾದ ಮೊದಲ ಪೈಲಟ್ ಲೈಸೆನ್ಸನ್ನು ಪಡೆದದ್ದು ಮುಂಬಯಿಯ ಅಂಥ ಒಂದು ಕ್ಲಬ್ಬಿನಲ್ಲಿ ಕಲಿತೇ. ಸ್ವಾತಂತ್ರ್ಯಾನಂತರ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ‘ಪುಷ್ಪಕ್’ ಎಂಬ 90 ಅಶ್ವಶಕ್ತಿಯ, ಇಬ್ಬರು ಕೂರುವ ಪುಟ್ಟ ವಿಮಾನವನ್ನು ಕ್ಲಬ್ಬುಗಳಿಗೆಂದೇ ರೂಪಿಸಿತು. ಅದು ಮೊದಲು ಹಾರಿದ್ದು 1958ರಲ್ಲಿ. ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಹಾರಿತು, ಅದರ ಹೊಸ ರೂಪ 2021ರಲ್ಲಿ. ಕಲಿಯುವವರಿಗಾಗಿ ವಿಮಾನ ಕಟ್ಟುವ ಬುದ್ಧಿ ನಮ್ಮ ನಾಡಿನಲ್ಲಿ ಎಂದೂ ಬತ್ತಲಿಲ್ಲ. ಬತ್ತಿರುವುದು ಕ್ಲಬ್ಬಿನ ಸ್ವಭಾವ. ಇಂದಿನ ಶಾಲೆಗಳಿಗೆ ವಿಮಾನ ಕಂಪೆನಿಯ ನೌಕರಿಯ ಕನಸಿನಿಂದ 200 ಗಂಟೆ ಕೊಳ್ಳುವ ವಿದ್ಯಾರ್ಥಿಯೇ ದೊರೆ; 40 ಗಂಟೆಯ ಹವ್ಯಾಸಿ ಪಂಕ್ತಿಯ ಕೊನೆಯ ಎಲೆಗೆ ಕೂತ ಅತಿಥಿ. ಸರದಿ ತಪ್ಪುವುದು ಅವನಿಗೇ ಮೊದಲು. ಇದು ಅನ್ಯಾಯವೆಂದು ನಮಗೆ ತೋರುತ್ತದೆ. ಖಾಸಗಿ ಲೈಸೆನ್ಸನ್ನು ಮಾತ್ರ ಬಯಸುವ ಅಧ್ಯಾಪಕ, ವೈದ್ಯ, ಗಿರಣಿಯ ಯಜಮಾನ ಇವರಿಗೆ ಎಷ್ಟು ಗಂಟೆ ಮೀಸಲೆಂದು ಒಪ್ಪಂದದಲ್ಲಿ ಬರೆದುಕೊಡುವ ಶಾಲೆ ಒಂದಿದ್ದರೆ, ಅದು ಇನ್ನೂರು ಕಿಲೋಮೀಟರು ಹೆಚ್ಚು ದೂರದಲ್ಲಿದ್ದರೂ ನಮ್ಮ ಮತ ಅದಕ್ಕೇ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2025ರಿಂದ ತರಬೇತಿ ಶಾಲೆಗಳಿಗೆ ದರ್ಜೆ ಕೊಡತೊಡಗಿದೆ. ಮೊದಲ ಪಟ್ಟಿಯಲ್ಲಿ ಯಾವ ಶಾಲೆಗೂ ಅತ್ಯುಚ್ಚ ದರ್ಜೆ ದೊರೆಯಲಿಲ್ಲ. ಈ ಪಟ್ಟಿಯನ್ನು ನೋಡದೆ ಯಾರೂ ಹಣ ಕಟ್ಟಕೂಡದು. ಅದನ್ನು ಮಾತ್ರ ನೋಡಿಯೂ ಕಟ್ಟಕೂಡದು. ದರ್ಜೆ ಇಡೀ ಶಾಲೆಗೆ ಸೇರಿದ್ದು, ನಿಮಗೆ ದೊರೆಯುವ ಶಿಕ್ಷಕ ಒಬ್ಬನೇ. ಸೇರುವ ಮುನ್ನ ಎರಡು ದಿನ ಅಲ್ಲಿಯೇ ಇದ್ದು, ಬೆಳಿಗ್ಗೆ ಆರರಿಂದ ಹತ್ತರವರೆಗೆ ಬೇಲಿಯ ಬಳಿ ನಿಂತು, ಎಷ್ಟು ವಿಮಾನ ಏರಿತು ಎಷ್ಟು ಇಳಿಯಿತು ಎಂದು ಒಂದು ಚೀಟಿಯಲ್ಲಿ ಗೆರೆ ಹಾಕುತ್ತ ಹೋಗಿ. ಬಳಿಕ ಅಲ್ಲಿನ ಕ್ಯಾಂಟೀನಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕಾಫಿ ಕೊಡಿಸಿ, ಅವನ ಲಾಗ್ ಪುಸ್ತಕದ ಹಿಂದಿನ ಮೂರು ತಿಂಗಳ ಪುಟಗಳನ್ನು ತೋರಿಸೆಂದು ಕೇಳಿ. ಹಣವನ್ನು ಹತ್ತು ಹತ್ತು ಗಂಟೆಗಳ ಕಂತಿನಲ್ಲಿ ಕಟ್ಟುವೆನೆಂದು ಹೇಳಿ, ಅವರ ಮುಖವನ್ನು ನೋಡಿ. ಒಪ್ಪಿದರೆ ಮೊದಲ ಕಂತು ಕಟ್ಟಿ ಬನ್ನಿ. ಒಪ್ಪದಿದ್ದರೆ ಮುಂದಿನ ಶಾಲೆಯ ಊರಿಗೆ ರೈಲು ಯಾವ ಹೊತ್ತಿಗೆಂದು ವಿಚಾರಿಸಿ.